ಅಂಗಳಕ್ಕ ಬಿದ್ದ ತಂತಿ

ಜಡೆಪ್ಪಾ,

ನಿನ್ನ ಹೆಂಡತಿ ಸಿದ್ದಮ್ಮನ್ನ ಕರ್ಕೊಂಡು ಎಮ್ಮಿಗನೂರಿಗೆ, ಆಕಿ ತವರಿಗೆ ಹೊಂಟೀನಿ. ಮೋಡ ಕಟ್ಟೈತಿ, ಸಂಜಿಗೆ ಗಾಳಿಮಳಿ ಬಂದೀತು.

ಬಂದ್ರ ಬಾಗಲಾ ಹಾಕ್ಕೊಂಡು ಒಳಗ ಕುಂದ್ರು. ಬೇವಿನಮರದ ಬುಡಕ್ಕ ನಿಂತು ಮಿಂಚು ನೋಡೋ ದೊಡ್ಡಸ್ತಿಕಿ ಬ್ಯಾಡ. ಕರೆಂಟಿನ ತಂತಿ ಮತ್ತ ಹರಿದು ಬಿದ್ರ ಅಂಗಳಕ್ಕ ಕಾಲಿಡಬ್ಯಾಡ. ಹಿತ್ತಲ ಬಾಗಲಿಂದ ಹೋಗಿ ಮಿಲ್ಲಿನಾಗ ಕರೆಂಟು ಕೊಡೋ ಎಂಜಿನ್ ನಿಲ್ಲಿಸಾಕ ಹೇಳು.

ಹೋದ ಸೋಮವಾರ ಏನು ಮಾಡಿದಿ? ಓಣಿಗೆಲ್ಲ ಮೊದಲು ನಮ್ಮನ್ಯಾಗ ಬಲ್ಬು ಹತ್ತಬೇಕಂತ ಮಿಲ್ಲಿಂದ ತಂತಿ ಎಳಿಸಿದವ ನೀನು. ಗಾಳಿಗೆ ಅದು ಹರಿದು ಬಿತ್ತು. "ಬಲ್ಬು ಆರೈತಿ ಅಂದ್ರ ಕರೆಂಟೂ ಹೋಗೈತಿ" ಅಂತ ಪಂಡಿತನಂಗ ಹೇಳಿ, ಛತ್ರಿ ತುದಿಲೆ ಎತ್ತಾಕ ಹೋದಿ. ಬಸುರಿ ಹೆಂಗಸು ಸಿದ್ದಮ್ಮ ಹಿಂದಿಂದ ಧೋತರ ಹಿಡಿದು ಜಗ್ಗಿದ್ಲು. ಧೋತರ ಆಕಿ ಕೈಯಾಗ ಉಳೀತು, ನೀನು ನಾಚಿ ಒಳಗ ಓಡಿ ಬಂದಿ. ಅದಕ್ಕ ಬದುಕಿದಿ. ಅಷ್ಟ್ರಾಗ ನಮ್ಮ ಎಮ್ಮಿಕರ ತಂತಿ ತುಳಿದು ಅಲ್ಲೇ ಸತ್ತು ಬಿತ್ತು. "ಅದರ ಆಯುಷ್ಯ ಅಷ್ಟೇ ಇತ್ತು" ಅಂದಿ. ಮರುದಿನ ಅದೇ ತಂತಿಗೆ ಗಂಟು ಹಾಕಿಸಿ ಮತ್ತ ಮ್ಯಾಲ ಕಟ್ಟಿಸಿದಿ.

ಅವತ್ತಿಂದ ಸಿದ್ದಮ್ಮ ಸರಿಯಾಗಿ ನಿದ್ದಿ ಮಾಡಿಲ್ಲ. ಗೊರಕಿ ಹೊಡಿಯೋ ನಿನಗ ಹ್ಯಾಂಗ ಗೊತ್ತಾಗಬೇಕು.

ರೊಟ್ಟಿ ನೆಲುವಿನ ಮ್ಯಾಲ ಅದಾವ. ಕಂದೀಲಿಗೆ ಎಣ್ಣಿ ಹಾಕಿ, ಗಾಜು ಒರಸಿ ಇಟ್ಟೀನಿ. ನಿನ್ನ ಬಲ್ಬಿನಂಗ ಅದು ಗಾಳಿಗೆ ಹೆದರಂಗಿಲ್ಲ.

ಆ ತಂತಿ ಕಿತ್ತು ಹಾಕಿಸಿ ಎಮ್ಮಿಗನೂರಿಗೆ ಬಾ. ಅದು ಇರೋತನಕ ಸಿದ್ದಮ್ಮ ಈ ಮನಿಗೆ ಬರಂಗಿಲ್ಲ. ನಾನು ಹೇಳಿಕೊಟ್ಟೀನಿ ಅಂದ್ಕೊಬ್ಯಾಡ. ಬೆಳಿಗ್ಗೆ ನಾನು ಏಳೋದ್ರಾಗ ಆಕಿನೇ ಬಟ್ಟಿ ಗಂಟು ಕಟ್ಟಿಕೊಂಡು ಕುಂತಿದ್ಲು.

ನಿನ್ನ ಅಕ್ಕ,
ಅಕ್ಕನಾಗಮ್ಮ