ಬೆಳಿಗ್ಗೆಯೇ ಹಾಕಿದ ನಕ್ಷತ್ರಗಳು

ಮನೆಯಿಂದ,
ಬುಧವಾರ, ಮಾರ್ಚ್ ೧೩

ಪ್ರೀತಿಯ ಇವಳೇ,

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ಪಕ್ಕ ತಲೆ ತಿರುಗಿ ಬಿದ್ದೆನಂತೆ. ಹೇಳಿದ್ದು ಬೈಂಡಿಂಗ್ ಮಾಡುವವನು, ನನಗೆ ನೆನಪಿಲ್ಲ. ಪೆಟ್ಟಾಗಿಲ್ಲ, ಬೆರಳು ಹತ್ತೂ ಇವೆ, ಗಾಬರಿಯಾಗಬೇಡ. ನಿನ್ನ ಮೊಣಕಾಲು ಹೇಗಿದೆ? ಆ ಊರಿನ ಆಸ್ಪತ್ರೆ ಕೆಲಸದ ಪಾಳಿಯಲ್ಲಿ ಸ್ವಲ್ಪವಾದರೂ ಕೂರಲು ಬಿಡುತ್ತಾರೆಯೇ? ಫೋನಿನಲ್ಲಾದರೆ ನನ್ನ ಬಾಯಿಗೆ ‘ಚೆನ್ನಾಗಿದ್ದೀನಿ’ ಎಂದೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಚ್ಚರವಾದಾಗ ಅವನು ನೀರು ಕುಡಿಸಿ, ಬಿ.ಪಿ. ಮಾತ್ರೆ ತೆಗೆದುಕೊಂಡಿದ್ದೆನೇ ಎಂದು ವಿಚಾರಿಸಿದ. ತೆಗೆದುಕೊಂಡಿದ್ದೇನೆ, ಕಂಪ್ಯೂಟರಿನಲ್ಲಿ ಸ್ಟಾರ್ ಗುರುತಿದೆ ಎಂದೆ. “ಸ್ಟಾರ್ ನುಂಗಿದ್ರೆ ಬಿ.ಪಿ. ಇಳಿಯಲ್ಲ ಅಣ್ಣಾ” ಅಂದ. ಸಂಜೆ ಮನೆಗೆ ಬಂದು ಡಬ್ಬಿ ಬಗ್ಗಿಸಿದೆ. ಇರಬೇಕಾದ್ದಕ್ಕಿಂತ ಹದಿನೇಳು ಮಾತ್ರೆ ಹೆಚ್ಚಿಗೆ ಉಳಿದಿದ್ದವು.

ನೀನು ಹೊರಡುವ ಹಿಂದಿನ ದಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟ ದಿನಚರಿಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಒಂದೊಂದು ಅಭ್ಯಾಸಕ್ಕೆ ಒಂದೊಂದು ಸಾಲು. ಮಾಡಿದ ದಿನಕ್ಕೆ ನಕ್ಷತ್ರ, ಬಿಟ್ಟ ದಿನಕ್ಕೆ ಚುಕ್ಕೆ. ಮಾತ್ರೆ ದಿನಾ, ಗಿಡಕ್ಕೆ ನೀರು ಮೂರು ದಿನಕ್ಕೊಮ್ಮೆ, ಹಾಸಿಗೆ ಬಟ್ಟೆ ಒಗೆಯುವುದು ವಾರಕ್ಕೊಮ್ಮೆ. ನಾನು ಇಲ್ಲಿ ಹಾಕಿದ್ದು ಅಲ್ಲಿ ನಿನಗೂ ಕಾಣುತ್ತದೆ. ಪ್ರೆಸ್ಸಿನಲ್ಲಿ ಸಂಜೆ ರಿಜಿಸ್ಟರಿನ ಮುಂದೆ ನೂಕುನುಗ್ಗಲೆಂದು ನಾವೆಲ್ಲ ಬರುವಾಗಲೇ ಹೋಗುವ ಸಹಿಯನ್ನೂ ಹಾಕಿಬಿಡುತ್ತೇವೆ, ನಿನಗೆ ಗೊತ್ತಲ್ಲ. ಇಪ್ಪತ್ತೆರಡು ವರ್ಷದಿಂದ ಪಳಗಿದ ಕೈ. ಮನೆಯಲ್ಲೂ ಹಾಗೆಯೇ, ಬೆಳಿಗ್ಗೆ ಎದ್ದ ಕೂಡಲೇ ಎಲ್ಲ ಸಾಲಿಗೂ ನಕ್ಷತ್ರ ಹಾಕಿ, ಆಮೇಲೆ ಮಾಡಿದರಾಯಿತು ಎಂದು ಹೊರಡುತ್ತಿದ್ದೆ. ಗುರುತು ಬಿದ್ದ ಮೇಲೆ ಕೆಲಸ ಮುಗಿದಂತೆಯೇ ಅನ್ನಿಸುತ್ತಿತ್ತು.

ಕೊನೆಯ ಸಾಲಿನಲ್ಲಿ ನೀನು ‘ಯಾರ ಜೊತೆಗಾದರೂ ಐದು ನಿಮಿಷ ಮಾತು’ ಎಂದು ಬರೆದಿದ್ದೆ. ಅದಕ್ಕೂ ದಿನಾ ನಕ್ಷತ್ರ. ಭಾನುವಾರಗಳಲ್ಲಿ ನಾನು ಬಾಯಿ ತೆರೆದದ್ದು ಹಲ್ಲುಜ್ಜಲು, ಊಟಕ್ಕೆ, ಅಷ್ಟೇ. ಊಟದ ಹೊತ್ತಿಗೆ ಎರಡು ತಟ್ಟೆ ತೆಗೆದು ಒಂದನ್ನು ಮತ್ತೆ ಇಡುವುದು ಮಾತ್ರ ಒಂದು ದಿನವೂ ತಪ್ಪಿಲ್ಲ. ಅದಕ್ಕೆ ನೀನು ಸಾಲು ಬರೆದಿಲ್ಲ.

ನಿನ್ನ ಜೊತೆ ಕೋಣೆಯಲ್ಲಿರುವ ಗೆಳತಿಗೆ ನಾನು ಕೇಳಿದೆನೆಂದು ಹೇಳು. ಮೊಣಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ನಿನ್ನ
‘ಇವರು’

ಇನ್ನೊಂದು ಮಾತು: ‘ನಕ್ಷತ್ರ ನೋಡಿ ನಿಶ್ಚಿಂತೆಯಾಯಿತು, ಇನ್ನೊಂದು ವರ್ಷ ಇಲ್ಲೇ ಕೆಲಸದಲ್ಲಿರುವ ಒಪ್ಪಂದದ ಕಾಗದಕ್ಕೆ ಇಪ್ಪತ್ತನೇ ತಾರೀಕು ಸಹಿ ಹಾಕುತ್ತೇನೆ’ ಎಂದು ನೀನು ಬರೆದಿದ್ದೆಯಲ್ಲ. ಬಾ ಎನ್ನುತ್ತಿಲ್ಲ. ಸುಳ್ಳು ನಕ್ಷತ್ರಗಳನ್ನೆಲ್ಲ ಅಳಿಸಿದ್ದೇನೆ. ನೆನಪಿಲ್ಲದ ಕಡೆಯೂ ಚುಕ್ಕೆಯನ್ನೇ ಇಟ್ಟಿದ್ದೇನೆ. ಸಹಿಗೆ ಮೊದಲು ಒಮ್ಮೆ ತೆರೆದು ನೋಡು. ನಾಳೆ, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರ ಹತ್ತಿರ ಹೋಗುತ್ತೇನೆ.