ಮೊದಲ ಕಮಾನು

ಬಿಷ್ಣುಪುರ
೧೪ ಅಗ್ರಹಾಯಣ

ಮುದ್ದಿನ ಮಗಳು ಮಿನತಿಗೆ,

ಜಲ್ಪಾಯ್‌ಗುಡಿಯಲ್ಲಿ ಆಗಲೇ ಚಳಿ ಕಚ್ಚುತ್ತಿರಬೇಕು. ಅಳಿಯಂದಿರ ಸೊಂಟನೋವು ಹೇಗಿದೆ? ಬಾಬ್ಲುವಿಗೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ. ಎಡ ಮಂಡಿಯೊಂದು ಬಿಟ್ಟರೆ ಉಳಿದದ್ದೆಲ್ಲ ‘ಇನ್ ಗುಡ್ ಕಂಡಿಷನ್’. ಹೊಸ ಖರ್ಜೂರದ ಬೆಲ್ಲ ಬಂದಿದೆ. ನಿನಗೆ ಕಳಿಸೋಣವೆಂದು ತಂದು, ಮಂಡಕ್ಕಿಯ ಜೊತೆ ನಾನೇ ತಿಂದು ಮುಗಿಸಿದೆ. ಇನ್ನೊಮ್ಮೆ ತರುತ್ತೇನೆ.

ಹೋದ ಸಲ ಬಂದಾಗ ನೀನು ಕೇಳಿದ್ದೆ, ಅಂಗಡಿಯ ಗೋಡೆಯಲ್ಲಿ ಇಷ್ಟೊಂದು ಎಸ್ರಾಜ್ ವಾದ್ಯಗಳು ಯಾಕೆ ತೂಗುತ್ತಿವೆ, ಕೊಳ್ಳುವವರಿಲ್ಲವೇ ಎಂದು. ನಾನು ಮಾತು ತೇಲಿಸಿದೆ. ಕೊಳ್ಳುವವರಿದ್ದಾರೆ, ಕೊಡಲು ನನಗೇ ಆಗುತ್ತಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ತೊಗಲು ಬಿಗಿದು ತಂತಿ ಕಟ್ಟಿ ಮುಗಿಸಿದ ವಾದ್ಯದ ಮೇಲೆ ಮೊದಲ ಕಮಾನು ಎಳೆಯುವುದು ಮಾಡಿದವನಲ್ಲ, ಮನೆಯ ಇನ್ನೊಬ್ಬರು. ಮಾಡಿದವನ ಕಿವಿಗೆ ತಾನು ಪಟ್ಟ ಶ್ರಮವೇ ಕೇಳಿಸುತ್ತದೆ ಎನ್ನುತ್ತಿದ್ದರು ನಿನ್ನ ಅಜ್ಜ. ಇದಕ್ಕೆ ಇಂಗ್ಲಿಷಿನಲ್ಲೂ ಒಂದು ಒಳ್ಳೆಯ ಮಾತಿದೆ, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ‘ನೋ ಮ್ಯಾನ್ ಕೆನ್’ ಎಂದು ಶುರುವಾಗುತ್ತದೆ, ಆಮೇಲಿನದು ಹೋಯಿತು. ಇರಲಿ. ನಿನ್ನಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಒಂದೇ ಸಲ ಉದ್ದಕ್ಕೆ ಎಳೆದು ‘ಹೂಂ, ಕೊಡಿ’ ಅನ್ನುತ್ತಿದ್ದಳು. ಇಲ್ಲದಿದ್ದರೆ ‘ಇಲ್ಲ’ ಎಂದು ಮತ್ತೆ ಒಲೆಯ ಮುಂದೆ. ಯಾಕೆ ‘ಇಲ್ಲ’ ಎಂದು ಹುಡುಕುವುದು ನನ್ನ ಹಣೆಬರಹ. ಅವಳು ಹೋದ ಮೇಲೂ ಮಾಡುತ್ತಲೇ ಇದ್ದೇನೆ, ತೂಗುಹಾಕುತ್ತಲೇ ಇದ್ದೇನೆ. ಬರ್ದ್ವಾನದ ಗಿರಾಕಿ ಮೊನ್ನೆ ಮತ್ತೆ ಬಂದು, ‘ಏನ್ ಮೇಷ್ಟ್ರೇ, ವಾದ್ಯ ಮಾಡ್ತೀರೋ, ಉಪ್ಪಿನಕಾಯಿ ಹಾಕ್ತೀರೋ?’ ಅಂದ. ಪಾಠಕ್ಕೆ ಬರುವ ಮಕ್ಕಳಿಗೆ ಎಳೆಯಲು ಹೇಳಿದರೆ ಎಲ್ಲದಕ್ಕೂ ‘ಬಾಳ ಚೆನ್ನಾಗಿದೆ ಗುರುಗಳೇ’. ನಿಜ ಹೇಳ್ರೋ ಎಂದು ಗದರಿದರೆ ‘ಇನ್ನೂ ಚೆನ್ನಾಗಿದೆ’.

ಈಗ ಸುದ್ದಿ. ತರುಲತಾ ಎಂಬಾಕೆ, ತೀರಿಹೋದ ಕಾಂಪೌಂಡರರ ಹೆಂಡತಿ, ಆಷಾಢದಿಂದ ಪಾಠಕ್ಕೆ ಬರುತ್ತಿದ್ದಾರೆ. ತಲೆ ಅರ್ಧ ನೆರೆತಿದೆ. ಬೆರಳು ಬಿರುಸು, ನಾಲಿಗೆ ಅದಕ್ಕಿಂತ ಬಿರುಸು. ಒಂದು ಮಧ್ಯಾಹ್ನ ನಾನು ಅಂಟು ಕಾಯಿಸಲು ಒಳಗೆ ಹೋಗಿದ್ದಾಗ ಆಕೆ ಕೇಳದೆ ಗೋಡೆಯಿಂದ ಒಂದನ್ನು ಇಳಿಸಿ ಕಮಾನು ಎಳೆದೇಬಿಟ್ಟರು. ಓಡಿಬಂದೆ. ಆಕೆ ತಲೆಯನ್ನೂ ಎತ್ತದೆ, ‘ಇದಕ್ಕೆ ಮೂಗು ಕಟ್ಟಿದೆ ಮೇಷ್ಟ್ರೇ’ ಅಂದರು. ನನಗೆ ಉರಿದುಹೋಯಿತು. ‘ಮೊದಲು ನಿಮ್ಮ ಕಿವಿ ತೋರಿಸ್ಕೊಂಡು ಬನ್ನಿ’ ಅಂದೆ. ಆಕೆ ಹೋದ ಮೇಲೆ ತೊಗಲು ಬಿಚ್ಚಿ ನೋಡಿದರೆ, ಒಂದು ಅಂಚು ಮರಕ್ಕೆ ಕಚ್ಚಿಕೊಂಡೇ ಇರಲಿಲ್ಲ. ಅಂದಿನಿಂದ ಒಂದೊಂದನ್ನೇ ಇಳಿಸಿ ಆಕೆಯ ಕೈಗೆ ಕೊಟ್ಟೆ. ಹೇಳಿದ್ದೆಲ್ಲ ಸರಿ ಅಂತಲ್ಲ. ಕಿಟಕಿ ಪಕ್ಕದ್ದನ್ನು ಬೇಡವೆಂದಿದ್ದಾರೆ, ಅದರಲ್ಲಿ ಏನೂ ದೋಷವಿಲ್ಲವೆಂದು ನಾನು ವಾರಗಟ್ಟಲೆ ಜಗಳವಾಡಿದ್ದೇನೆ. ಮಿನತಿ, ಜಗಳವಾಡಿದ್ದೇನೆ ನೋಡು! ನಿನ್ನಮ್ಮ ಹೋದ ಮೇಲೆ ನನಗೆ ‘ಇಲ್ಲ’ ಎಂದವರೇ ಇರಲಿಲ್ಲ.

ಆದರೆ ನಮ್ಮ ಅತ್ತಿಗೆ, ನಿನ್ನ ದೊಡ್ಡಮ್ಮ, ಪಕ್ಕದ ಮನೆಯಿಂದ ಎಲ್ಲ ಕೇಳಿಸಿಕೊಂಡು ಬಂದು ಬಾಗಿಲಲ್ಲಿ ನಿಂತರು. ‘ಮೊದಲ ಕಮಾನು ಮನೆಯವರದು. ಹೊರಗಿನವಳು ಎಳೆದಿದ್ದನ್ನ ನಮ್ಮ ಮಾವನವರ ಹೆಸರಲ್ಲಿ ಮಾರಬೇಡಪ್ಪ’ ಅಂದರು. ಅವರ ಮಾತೂ ತಪ್ಪಲ್ಲ. ತರುಲತಾ ಅಲ್ಲೇ ಇದ್ದರು. ಕಮಾನು ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು. ಆಮೇಲೆ ಪಾಠಕ್ಕೂ ಬಂದಿಲ್ಲ. ವಾದ್ಯಗಳು ಹಾಗೇ ತೂಗುತ್ತಿವೆ.

ಅಳಿಯಂದಿರಿಗೆ ನನ್ನ ನಮಸ್ಕಾರ, ಬಾಬ್ಲುವಿನ ಎರಡೂ ಕೆನ್ನೆಗೆ ಮುತ್ತು. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ.

ನಿನ್ನ ಅಪ್ಪ,
ಶಶಧರ

ಮರೆತಿದ್ದೆ: ಮರೆತಿದ್ದೆ ಎನ್ನುವುದು ಸುಳ್ಳು. ನಿನ್ನೆ ಆಕೆಯ ಮನೆಗೆ ಹೋಗಿದ್ದೆ. ಮನೆಯವರೇ ಎಳೆಯಬೇಕೆಂದಾದರೆ ನೀವು ನಮ್ಮ ಮನೆಯವರೇ ಆಗಬಾರದೇಕೆ ಎಂದು ಕೇಳಿದೆ. ‘ಕಮಾನು ಎಳೆಯೋಕೆ ಮದುವೆ ಆಗ್ಬೇಕಾ ಮೇಷ್ಟ್ರೇ?’ ಎಂದು ನಕ್ಕರು. ಕಮಾನಿಗಾಗಿ ಮಾತ್ರ ಅಲ್ಲ ಅಂದೆ. ನಗು ನಿಂತಿತು. ‘ನಿಮ್ಮ ಮಗಳನ್ನ ಕೇಳಿ. ಅವಳು ಒಪ್ಪದೆ ನಾನು ಅವಳಮ್ಮನ ಮನೆ ಹೊಸಲು ತುಳಿಯಲ್ಲ’ ಅಂದರು. ಆದ್ದರಿಂದ ಕೇಳುತ್ತಿದ್ದೇನೆ. ಉತ್ತರವನ್ನು ಕಾರ್ಡಿನಲ್ಲಿ ಬರೆಯಬೇಡ ಮಗಳೇ, ಕವರಿನಲ್ಲಿ ಹಾಕು. ಕಾರ್ಡಾದರೆ ಅಂಚೆಯವನು ಓದಿ ಬೀದಿಗೆಲ್ಲ ಹೇಳುತ್ತಾನೆ. ನೀನು ಬೇಡವೆಂದರೆ, ಅದನ್ನು ಆಕೆಗೆ ನಾನೇ ಹೋಗಿ ಹೇಳಬೇಕು.