ದಾರಿಗೆ ಅಡ್ಡ ಕಟ್ಟಿದ ಸುಳಿಗರಿ

ಕಲಬಾರ್,
ಜನವರಿ 9, ಶುಕ್ರವಾರ

ಪ್ರೀತಿಯ ಮಗ ಓರೋಕ್,

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಹಡಗಿನವರಿಗೆಲ್ಲ ಅಡುಗೆ ಮಾಡಿ ಬಡಿಸುವವನು ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ, ದೇವರೇ ಬಲ್ಲ. ನಿನ್ನ ಹೆಂಡತಿ ಮಯೆನ್, ಮಗಳು ಇಬ್ಬರೂ ಕ್ಷೇಮ. ಇದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಗಾಬರಿಯಲ್ಲಿ ನೀನು ಮುಂದಕ್ಕೆ ಓದುವುದೇ ಇಲ್ಲ. ಮಗುವಿನ ಮೂಗು ಥೇಟ್ ನಿನ್ನದೇ, ಪಾಪ. ಮಯೆನ್ ಇನ್ನೂ ನಿತ್ರಾಣಳಾಗಿದ್ದಾಳೆ, ಒಣಮೀನು ಹಾಕಿ ಖಾರದ ಸಾರು ಮಾಡಿಕೊಡುತ್ತಿದ್ದೇನೆ. ಈಗ ನನ್ನ ನಿದ್ದೆ ಕೆಡಿಸಿರುವವರು ನಿನ್ನ ಅಪ್ಪ. ನಾಳೆ ನಮ್ಮ ಬೀದಿಯ ಎಕ್ಪೆ ಮನೆಯಲ್ಲಿ, ಊರ ಕಟ್ಟಳೆ ಕಾಯುವ ಆ ಸಂಘದ ಹಿರಿಯರು ಸೇರುತ್ತಾರೆ. ಇಷ್ಟು ವರ್ಷ ಅಪ್ಪನ ತಲೆಯ ಮೇಲಿದ್ದ ಎಕ್ಪೆ ಹಿರಿತನದ ಕೆಂಪು ಟೋಪಿ ಉಳಿಯುತ್ತದೋ ಇಲ್ಲವೋ ನಾಳೆ ತೀರ್ಮಾನ. ಮೊನ್ನೆ ಫೋನಿನಲ್ಲಿ ಅವರು ಪಕ್ಕದಲ್ಲೇ ಕೂತಿದ್ದರು, ಅದಕ್ಕೇ ಹೆರಿಗೆಯ ಸುದ್ದಿಯಷ್ಟೇ ಹೇಳಿ ಸುಮ್ಮನಾದೆ.

ಕಾರ್ನಿವಲ್ ದಿನ ನಿನ್ನ ಅಪ್ಪ ಎಂದಿನಂತೆ ಕಿಟಕಿ ಬಾಗಿಲು ಹಾಕಿಕೊಂಡು ರೇಡಿಯೋ ಜೋರು ಮಾಡಿ ಕೂತಿದ್ದರು. "ಊರ ಕೋಳಿಗಳೆಲ್ಲ ಬಣ್ಣದ ಪುಕ್ಕ ಸಿಗಿಸ್ಕೊಂಡು ಬೀದಿಗೆ ಬಿದ್ದಿವೆ, ನೋಡೋಕೆ ವಿಮಾನ ಹತ್ತಿ ಬರ್ತಾರಂತೆ ಜನ!" ಎಂಬ ಅವರ ಪ್ರತಿವರ್ಷದ ಪುರಾಣ ನಿನಗೆ ಗೊತ್ತೇ ಇದೆ. ಮಧ್ಯಾಹ್ನ ಮಯೆನ್‌ಗೆ ನೋವು ಶುರುವಾಯಿತು. ಪಕ್ಕದ ಬೀದಿಯ ಸೂಲಗಿತ್ತಿ ಹೊಟ್ಟೆ ಮುಟ್ಟಿದವಳೇ, "ಮಗು ಅಡ್ಡ ಇದೆ ಕಣಮ್ಮ, ನನ್ ಕೈಲಾಗಲ್ಲ, ಆಸ್ಪತ್ರೆಗೆ ಹೊರಡಿ" ಅಂದಳು. ಆಸ್ಪತ್ರೆ ಇರುವುದು ರಸ್ತೆಯ ಆಚೆ. ರಸ್ತೆಯ ತುಂಬ ಕುಣಿತ. ಗೆಣಸಿನ ವ್ಯಾಪಾರಿಯ ತಳ್ಳುಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಹೋದರೆ, ಹಗ್ಗ ಹಿಡಿದು ನಿಂತಿದ್ದ ಕಾವಲಿನವನು ತಲೆಯನ್ನೂ ತಿರುಗಿಸಲಿಲ್ಲ. "ಅಮ್ಮಾ, ಮುಂದೆ ಬಹುಮಾನ ಕೊಡೋ ಜಡ್ಜುಗಳು ಕೂತವ್ರೆ. ಈ ತಂಡ ದಾಟ್ಲಿ, ಬಿಡ್ತೀನಿ" ಅಂದ. ಆ ತಂಡ ದಾಟಿತು, ಅದರ ಬಾಲ ಹಿಡಿದು ಇನ್ನೊಂದು ಬಂತು. ಮಯೆನ್ ನನ್ನ ಕೈ ಕಚ್ಚಿ ಹಿಡಿದಿದ್ದಳು ಮಗಾ, ಗುರುತು ಇನ್ನೂ ಇದೆ. ಅವಳು ಅಲ್ಲೇ ಹೋಗಿಬಿಡುತ್ತಾಳೆ ಅಂದುಕೊಂಡೆ.

ಅಷ್ಟರಲ್ಲಿ, ಜೊತೆಗೆ ಗಾಡಿ ತಳ್ಳುತ್ತಾ ಬಂದಿದ್ದ ನಿನ್ನ ಅಪ್ಪ ಕಾಣಿಸಲಿಲ್ಲ. ಕೈಲಾಗದೆ ಮನೆಗೆ ಹೋದರು ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಬಂದರು ನೋಡು, ತಲೆಯ ಮೇಲೆ ಟೋಪಿ, ಸೊಂಟಕ್ಕೆ ಎಕ್ಪೆಯ ನೀಲಿ ಬಟ್ಟೆ, ಕೈಯಲ್ಲಿ ನಮ್ಮ ಗೇಟಿನ ತಾಳೆ ಮರದಿಂದ ಕಡಿದ ಎಳೆಯ ಸುಳಿಗರಿ. ಒಂದು ದೀಪದ ಕಂಬದಿಂದ ಎದುರಿನ ಕಂಬಕ್ಕೆ ಹಗ್ಗ ಎಳೆದು, ನಡುವೆ ಗರಿ ಕಟ್ಟಿ, ಪಕ್ಕದಲ್ಲಿ ನಿಂತುಬಿಟ್ಟರು. ಮುಂದಿನ ಸಾಲಿನ ಡೋಲು ನಿಂತಿತು. ಅದರ ಹಿಂದಿನದೂ ನಿಂತಿತು. ಮೈಯೆಲ್ಲ ರೆಕ್ಕೆ ಕಟ್ಟಿಕೊಂಡಿದ್ದ ಒಬ್ಬ, ನಮ್ಮೂರಿನವನೇ, ಮೆಲ್ಲಗೆ ಕೇಳಿದ: "ತಾತಾ, ಇದು ಆಟದ್ದಾ, ನಿಜದ್ದಾ?" ನಿನ್ನ ಅಪ್ಪ, "ದಾಟಿ ನೋಡು" ಅಂದರು. ಎಕ್ಪೆಯ ಗರಿ ಕಟ್ಟಿದ ಮೇಲೆ ಆ ದಾರಿ ಮುಚ್ಚಿದಂತೆ, ಯಾರೂ ದಾಟಲಿಲ್ಲ. ಅಷ್ಟು ದೊಡ್ಡ ಮೆರವಣಿಗೆ ಕಾಲು ಕೀಳದೆ ನಿಂತಿತ್ತು, ನಾವು ಗಾಡಿ ತಳ್ಳಿಕೊಂಡು ಆಚೆ ಹೋದೆವು. ಹೊರಗಿನಿಂದ ಬಂದವರು ಚಪ್ಪಾಳೆ ತಟ್ಟಿ ವಿಡಿಯೋ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು.

ಕತೆ ಅಲ್ಲಿಗೇ ಮುಗಿಯಬಾರದಿತ್ತೇ! ಜಡ್ಜುಗಳು ಅದನ್ನೂ ಪ್ರದರ್ಶನ ಅಂದುಕೊಂಡು ಗರಿಯ ಮುಂದೆ ನಿಂತ ತಂಡಕ್ಕೆ ಸಂಸ್ಕೃತಿಯ ಬಹುಮಾನ ಕೊಟ್ಟರು. ತಂಡದ ಯಜಮಾನ ಇಬೋಕ್ ಬಾಟಲಿ ಹಿಡಿದುಕೊಂಡು ಹಲ್ಲು ಕಿರಿಯುತ್ತಾ ಬಂದ: "ಮುಂದಿನ್ ವರ್ಷಾನೂ ನೀವೇ ನಿಲ್ಲಿಸ್ಬೇಕು ಯಜಮಾನ್ರೇ, ಟೂರಿಸ್ಟುಗಳು ಹುಚ್ಚೆದ್ದು ಹೋದ್ರು!" ನಿನ್ನ ಅಪ್ಪ ಬಾಟಲಿಯ ಸಮೇತ ಅವನನ್ನು ಗೇಟಿನಾಚೆ ಬಿಟ್ಟು ಬಂದರು. ಆದರೆ ಎಕ್ಪೆ ಮನೆಯವರು ಬಿಡಬೇಕಲ್ಲ. ಹಿರಿಯರೆಲ್ಲ ಕೂತು ಒಪ್ಪಿದರೆ ಮಾತ್ರ ಕಟ್ಟಬೇಕಾದ ಗರಿಯನ್ನು ಒಬ್ಬರೇ, ಅದೂ ಸ್ವಂತ ಸೊಸೆಗಾಗಿ ಕಟ್ಟಿದ್ದು ದೊಡ್ಡ ತಪ್ಪಂತೆ. ಅಪ್ಪನ ಗೆಳೆಯ ಅನ್ಸಾ ಬಂದು ದಾರಿ ತೋರಿಸಿದ: "ಕಾರ್ನಿವಲ್ ಆಟಕ್ಕೆ ಕಟ್ಟಿದ್ದು ಅಂದ್ಬಿಡೋ ಮಾರಾಯ. ಬಹುಮಾನಾನೇ ಸಾಕ್ಷಿ. ಒಂದು ಆಡು ದಂಡ ಕೊಟ್ಟು ಕೈ ತೊಳ್ಕೊಳ್ಳೋಣ." ಇವರು, "ಆಟ ಅಂದ್ರೆ ಆ ಹುಡುಗರು ನಿಂತದ್ದು ಯಾತಕ್ಕೆ? ದಾಟಿ ನೋಡು ಅಂದಿದ್ದಕ್ಕೆ ನಿಜದ್ದೇ ಅಂತ ನಂಬಿ ನಿಂತರು. ಈಗ ಅದೇ ಬಾಯಲ್ಲಿ ಸುಳ್ಳಾಡ್ಲಾ?" ಅಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. "ಒಂದು ಮಾತು ಅಂದುಬಿಟ್ರೆ ನಿಮ್ಮ ಗಂಟೇನು ಹೋಗತ್ತೆ? ಈ ವಯಸ್ಸಲ್ಲಿ ಟೋಪಿ ಇಲ್ದೆ ಹೇಗೆ ಬೀದಿಗೆ ಇಳೀತೀರಿ?" ಎಂದು ಕೂಗಾಡಿದೆ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಸೊಪ್ಪಿನ ಸಾರು ಮುಂದಿಟ್ಟರೆ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಮಗುವನ್ನು ಇನ್ನೂ ಎತ್ತಿಕೊಂಡಿಲ್ಲ, ಇತ್ಯರ್ಥವಾಗದೆ ಮುಟ್ಟುವುದಿಲ್ಲವಂತೆ. ತೊಟ್ಟಿಲ ಹತ್ತಿರ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ನೋಡಲಾಗುವುದಿಲ್ಲ ಮಗಾ.

ಭಾನುವಾರ ಚರ್ಚಿನಲ್ಲಿ ನಿನ್ನ ಹೆಸರು ಹೇಳಿಸಿದ್ದೇನೆ. ಎಷ್ಟೇ ದೂರದ ನೀರಿನಲ್ಲಿದ್ದರೂ ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ. ಮಯೆನ್ ನೆನಪು ಹೇಳಿದ್ದಾಳೆ.

ನಿನ್ನ ಅಮ್ಮ,
ಅರಿತ್

ಮತ್ತೆ: ಇವತ್ತು ಶನಿವಾರ. ಪತ್ರ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಅಪ್ಪ ಬರಿದಲೆಯಲ್ಲಿ ಮನೆಗೆ ಬಂದರು. ನಿಜದ್ದು ಅಂತಲೇ ಹೇಳಿದರಂತೆ. ಬಂದವರೇ ಕೈಕಾಲು ತೊಳೆದು ಮಗುವನ್ನು ಎತ್ತಿಕೊಂಡರು, ಇನ್ನೂ ಕೆಳಗಿಳಿಸಿಲ್ಲ. ಅನ್ಸಾ ಗೇಟಿನ ಹತ್ತಿರ ನನ್ನನ್ನು ಕರೆದು ಇನ್ನೊಂದು ವಿಷಯ ಹೇಳಿದ. ಎಕ್ಪೆಯಲ್ಲಿ ನಮ್ಮ ಮನೆಗಿರುವ ಸ್ಥಾನ ಈಗ ನಿನಗೆ ಬರುತ್ತದಂತೆ. ಆದರೆ ನೀನು ಬಂದು ಎಲ್ಲರ ಮುಂದೆ, ಅಪ್ಪ ಕಟ್ಟಿದ್ದು ಬರೀ ಆಟದ ಗರಿ ಅನ್ನಬೇಕಂತೆ. ಅಪ್ಪನೂ ಅದಕ್ಕೆ ಒಪ್ಪಿ, "ಅಂದ್ರೆ ಅನ್ನಲಿ, ಸ್ಥಾನ ಮನೆ ಬಿಟ್ಟು ಹೋಗೋದು ಬೇಡ" ಅಂದರಂತೆ. ಅವರಿಗೆ ಆಟ ಅನ್ನಿ ಅಂತ ಅಷ್ಟು ಕೂಗಾಡಿದವಳು ನಾನು, ನಿನಗೆ ಹಾಗೆ ಬರೆಯಲು ನನಗೆ ಕೈ ಬರುತ್ತಿಲ್ಲ. ಹಡಗು ಇಳಿದವನು ನೆಟ್ಟಗೆ ಮನೆಗೆ ಬಾ. ಮೊದಲು ಮಗಳನ್ನು ಎತ್ತಿಕೋ. ಆಮೇಲೆ ಅಲ್ಲಿಗೆ ಹೋಗಿ ಏನು ಹೇಳಬೇಕೋ ಹೇಳು.